‘ಆಲ್ ದಟ್’ ನೋಡಿ ಬೆಳೆದವರಿಗೊಂದು ಪ್ರಶ್ನೆ: ಮಕ್ಕಳ ಸ್ಕಿಟ್‌ಗಳಲ್ಲಿ ನಗಿಸುವವರು ಯಾರು, ನಗೆಗೆ ಗುರಿಯಾಗುವವರು ಯಾರು?

ಕೆಂಪುನೆಲ, ಬನಶಂಕರಿ

ಎಲ್ಲರಿಗೂ ನಮಸ್ಕಾರ.

ತಂದೆಯವರ ಉದ್ಯೋಗದ ಕಾರಣದಿಂದ ನಾನು ಎಂಟನೆಯ ವಯಸ್ಸಿನಿಂದ ಹನ್ನೆರಡನೆಯ ವಯಸ್ಸಿನವರೆಗೆ, ಅಂದರೆ 1995ರಿಂದ 1999ರವರೆಗೆ, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೆ. ಆ ವರ್ಷಗಳ ಶನಿವಾರದ ರಾತ್ರಿಗಳು ನನ್ನ ಮನಸ್ಸಿನಲ್ಲಿ ಒಂದೇ ಚಿತ್ರವಾಗಿ ಉಳಿದಿವೆ: ಅಮ್ಮ ಕಲಸಿಕೊಟ್ಟ ಮೊಸರನ್ನದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿಕಲೋಡಿಯನ್ ವಾಹಿನಿಯಲ್ಲಿ ‘ಆಲ್ ದಟ್’ ಯಾವಾಗ ಶುರುವಾಗುತ್ತದೆಯೋ ಎಂದು ಕಾಯುತ್ತಾ ಕೂರುತ್ತಿದ್ದೆ.

ಅದನ್ನು ನೋಡದವರಿಗಾಗಿ ಎರಡು ಮಾತು. ದೊಡ್ಡವರ ‘ಸ್ಯಾಟರ್ಡೇ ನೈಟ್ ಲೈವ್’ ಮಾದರಿಯ ಬಿಡಿ ಬಿಡಿ ಪ್ರಹಸನಗಳನ್ನು ಮಕ್ಕಳೇ ಮಕ್ಕಳಿಗಾಗಿ ಅಭಿನಯಿಸುತ್ತಿದ್ದ ಕಾರ್ಯಕ್ರಮ ಅದು. 1994ರಲ್ಲಿ ಆರಂಭವಾಗಿ 2005ರವರೆಗೆ ನಡೆಯಿತು. ಮೊದಲ ತಂಡದಲ್ಲಿದ್ದ ಏಳು ಮಂದಿಯಲ್ಲಿ ಮೂವರು ಕಪ್ಪು ಜನಾಂಗದವರು, ಮೂವರು ಬಿಳಿಯರು, ಒಬ್ಬಳು ಲ್ಯಾಟಿನ್ ಅಮೆರಿಕ ಮೂಲದವಳು. ಶೀರ್ಷಿಕೆ ಗೀತೆಯನ್ನು ಹಾಡಿದ್ದು ಆ ಕಾಲದಲ್ಲಿ ಮನೆಮನೆಯಲ್ಲೂ ಕೇಳಿಬರುತ್ತಿದ್ದ ಟಿಎಲ್‌ಸಿ ತಂಡ. ನನ್ನಂತೆ ಕಾಣುವ, ನನ್ನ ಹೆಸರಿನಂಥ ಹೆಸರಿರುವ ಒಂದು ಮಗುವೂ ಆ ಏಳರಲ್ಲಿ ಇರಲಿಲ್ಲ. ಆದರೂ ಕೆನನ್ ಥಾಂಪ್ಸನ್ ಮತ್ತು ಕೆಲ್ ಮಿಚೆಲ್ ಜೊತೆಯಾಗಿ ನಿಂತು ಇಡೀ ಸಭಾಂಗಣವನ್ನು ನಗಿಸುವುದನ್ನು ಕಂಡಾಗ, ತರಗತಿಯಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದ ನನಗೆ, ಬಿಳಿಯರಲ್ಲದ ಮಕ್ಕಳಿಗೂ ಅಲ್ಲಿ ಜಾಗವಿದೆ ಎಂಬ ಧೈರ್ಯ ಬರುತ್ತಿತ್ತು.

ಕಳೆದ ತಿಂಗಳು ಒಂಬತ್ತು ವರ್ಷದ ಮಗಳಿಗೆ ಕೆಲವು ಹಳೆಯ ತುಣುಕುಗಳನ್ನು ತೋರಿಸಿದೆ. ಮೌನವಾಗಿ ಓದುತ್ತಿರುವ ಮಕ್ಕಳ ಮೇಲೆ ‘ಸದ್ದು ಮಾಡಬೇಡಿ’ ಎಂದು ಅರಚುತ್ತಾ ತಾನೇ ಕಿವಿಗಡಚಿಕ್ಕುವ ಗದ್ದಲವೆಬ್ಬಿಸುವ ಗ್ರಂಥಪಾಲಕಿಯ ಪ್ರಸಂಗಕ್ಕೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಮಳೆಕೋಟು ಧರಿಸಿ ಸ್ನಾನದ ತೊಟ್ಟಿಯಲ್ಲಿ ಕುಳಿತು ಫ್ರೆಂಚ್ ಪಾಠ ಹೇಳುವ ಕೆನನ್‌ನ ಪಾತ್ರ ಬಂದಾಗ ಸುಮ್ಮನಾಗಿ, “ಅವರು ಮಾತಾಡುವ ರೀತಿಗೆ ನಗಬೇಕಾ?” ಎಂದು ಕೇಳಿದಳು. ಮಕ್ಕಳ ಪ್ರಶ್ನೆಯಷ್ಟೇ ಎಂದುಕೊಂಡರೂ ಅದು ನನ್ನನ್ನು ಬಿಡಲಿಲ್ಲ.

ಬಿಡದಿರುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ನವೆಂಬರ್ ತಿಂಗಳ ರಾಜ್ಯೋತ್ಸವಕ್ಕೆ ಇಪ್ಪತ್ತು ನಿಮಿಷದ ಮಕ್ಕಳ ಸ್ಕಿಟ್‌ಗಳನ್ನು ಸಿದ್ಧಪಡಿಸುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಹನ್ನೆರಡು ಮಕ್ಕಳಿದ್ದಾರೆ, ಮಂಡ್ಯದ ಮನೆ, ಕಲಬುರಗಿಯ ಮನೆ, ತಮಿಳು, ತೆಲುಗು, ಮಲಯಾಳಂ, ದಖನಿ ಉರ್ದು ಮತ್ತು ಹಿಂದಿ ಮಾತನಾಡುವ ಮನೆಗಳು, ಎಲ್ಲವೂ ಸೇರಿವೆ. ಹಿಂದಿನ ವರ್ಷಗಳ ಬರಹಗಳನ್ನು ತರಿಸಿ ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಕಲಬುರಗಿಯ ಹುಡುಗನಿಗೆ ಎರಡು ವರ್ಷವೂ ತರಕಾರಿ ಮಾರುವವನ ಪಾತ್ರವನ್ನೇ ಕೊಟ್ಟಿದ್ದರು. ಅವನು ಬಾಯಿ ತೆರೆದರೆ ಸಾಕು, ಜನ ನಗುತ್ತಾರೆ ಎಂಬುದು ಅದಕ್ಕೆ ಸಿಕ್ಕ ವಿವರಣೆ. ಉರ್ದು ಮನೆಯ ಹುಡುಗಿಗೆ ಕನ್ನಡವನ್ನು ತಪ್ಪುತಪ್ಪಾಗಿ ಮಾತನಾಡುವ ಪಾತ್ರವನ್ನು ಬರೆದಿದ್ದರು. ಆ ಮಗು ನಿಜಕ್ಕೂ ಸ್ವಚ್ಛವಾಗಿ ಕನ್ನಡ ಮಾತನಾಡುತ್ತದೆ.

ನಾನು ತಿಳಿಯಬಯಸುವುದು ಇಷ್ಟು. ‘ಆಲ್ ದಟ್’ನಲ್ಲಿ ನಾನು ಕಂಡ ಬೆರಕೆ ನಿಜವಾಗಿಯೂ ಅಷ್ಟು ಒಳ್ಳೆಯದಾಗಿತ್ತೇ, ಅಥವಾ ಮೊಸರನ್ನದ ರುಚಿಯೊಂದಿಗೆ ಬೆರೆತದ್ದರಿಂದ ನನಗೆ ಹಾಗೆ ಕಾಣುತ್ತಿದೆಯೇ? ಕನ್ನಡದಲ್ಲಿ ಇಂಥ ಪರಂಪರೆ ಏಕೆ ಬೆಳೆಯಲಿಲ್ಲ? ಮತ್ತು ಈ ಹನ್ನೆರಡು ಮಕ್ಕಳ ನಡುವೆ ನಗೆಯನ್ನು ಹಂಚುವುದು ಹೇಗೆ?

ಹಳೆಯ ಪ್ರೇಕ್ಷಕ, ಮಲ್ಲೇಶ್ವರ

ಕೆಂಪುನೆಲ ಅವರೇ, ನಿಮ್ಮ ನೆನಪು ಸುಳ್ಳಲ್ಲ. ಆದರೆ ಅದು ಪರದೆಯ ಮುಂಭಾಗವನ್ನು ಮಾತ್ರ ಕಂಡ ನೆನಪು.

ಮುಂಭಾಗದ ವಿಷಯದಲ್ಲಿ ಆ ಕಾರ್ಯಕ್ರಮಕ್ಕೆ ಸಲ್ಲಬೇಕಾದ ಗೌರವ ದೊಡ್ಡದು, ಏಕೆಂದರೆ ಆ ಬೆರಕೆ ತಾನಾಗಿ ಬಂದದ್ದಲ್ಲ. 1969ರಲ್ಲಿ ‘ಸೆಸಮಿ ಸ್ಟ್ರೀಟ್’ ಆರಂಭವಾದಾಗ ಕಪ್ಪು ಮತ್ತು ಬಿಳಿ ಜನ ಒಂದೇ ಬೀದಿಯಲ್ಲಿ ನೆರೆಹೊರೆಯವರಾಗಿ ಬದುಕುವುದನ್ನು ಮಕ್ಕಳಿಗೆ ತೋರಿಸಿದರು. ಅದೇ ಕಾರಣಕ್ಕಾಗಿ 1970ರಲ್ಲಿ ಮಿಸಿಸಿಪ್ಪಿ ರಾಜ್ಯದ ಶೈಕ್ಷಣಿಕ ದೂರದರ್ಶನ ಆಯೋಗವು ಅದನ್ನು ಪ್ರಸಾರ ಮಾಡುವುದಿಲ್ಲವೆಂದು ಮತ ಹಾಕಿ ತೀರ್ಮಾನಿಸಿತು. ಸುದ್ದಿ ಹೊರಬಿದ್ದು ಎಲ್ಲೆಡೆಯಿಂದ ವಿರೋಧ ಬಂದ ಮೇಲೆ ಕೆಲವೇ ವಾರಗಳಲ್ಲಿ ಆ ತೀರ್ಮಾನವನ್ನು ಹಿಂತೆಗೆದುಕೊಂಡರು. 1971ರಲ್ಲಿ ‘ಸೆಸಮಿ ಸ್ಟ್ರೀಟ್’ ರೂಪಿಸಿದ ಸಂಸ್ಥೆಯವರೇ ಓದಲು ಕಲಿಯುತ್ತಿರುವ ಸ್ವಲ್ಪ ದೊಡ್ಡ ಮಕ್ಕಳಿಗಾಗಿ ‘ದಿ ಎಲೆಕ್ಟ್ರಿಕ್ ಕಂಪನಿ’ ಎಂಬ ಪ್ರಹಸನಗಳ ಕಾರ್ಯಕ್ರಮವನ್ನು ರೂಪಿಸಿದರು. ಪೋರ್ಟೊರಿಕೊ ಮೂಲದ ರೀಟಾ ಮೊರೆನೊ ಮತ್ತು ಆಗಿನ್ನೂ ಹೆಚ್ಚು ಜನರಿಗೆ ಪರಿಚಯವಿಲ್ಲದ ಮಾರ್ಗನ್ ಫ್ರೀಮನ್ ಅದರಲ್ಲಿ ಮಕ್ಕಳನ್ನು ನಗಿಸುತ್ತಾ ಅಕ್ಷರ ಕಲಿಸುತ್ತಿದ್ದರು.

1979ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹುಟ್ಟಿ ಮುಂದೆ ನಿಕಲೋಡಿಯನ್‌ಗೆ ಬಂದ ‘ಯು ಕಾಂಟ್ ಡು ದಟ್ ಆನ್ ಟೆಲಿವಿಷನ್’ ನನಗೆ ಇನ್ನೊಂದು ಕಾರಣಕ್ಕೆ ಪ್ರಿಯ. ಅದರಲ್ಲಿ ‘ನನಗೆ ಗೊತ್ತಿಲ್ಲ’ ಎಂದವರ ತಲೆಯ ಮೇಲೆ ಹಸಿರು ಲೋಳೆ ಸುರಿಯುತ್ತಿತ್ತು. ಹೇಳಿದವರು ಯಾರೇ ಆಗಿರಲಿ, ಲೋಳೆ ಸುರಿಯುವುದಂತೂ ತಪ್ಪುತ್ತಿರಲಿಲ್ಲ. ನಗೆಯ ಕಾರಣ ಆ ಮಾತಿನಲ್ಲಿತ್ತೇ ಹೊರತು ಮಾತನಾಡಿದವರ ಹುಟ್ಟಿನಲ್ಲಿ ಇರಲಿಲ್ಲ. ‘ಆಲ್ ದಟ್’ನ ಒಳ್ಳೆಯ ಪ್ರಸಂಗಗಳೂ ಇದೇ ದಾರಿಯಲ್ಲಿ ನಡೆದವು. ಬರ್ಗರ್ ಅಂಗಡಿಯ ಗಲ್ಲಾದ ಬಳಿ ನಿಲ್ಲುವ ಎಡ್ ಎಂಬ ಪಾತ್ರವನ್ನು ಕೆಲ್ ಮಿಚೆಲ್ ಅಭಿನಯಿಸುತ್ತಿದ್ದದ್ದು ನಿಮಗೆ ನೆನಪಿರಬೇಕು. ಗಿರಾಕಿಗಳ ಪ್ರತಿಯೊಂದು ಮಾತನ್ನೂ ಅಕ್ಷರಶಃ ಗ್ರಹಿಸುವ ಅವನ ಮುಗ್ಧತೆಯೇ ಅಲ್ಲಿನ ನಗೆಯ ಮೂಲ. ಆ ಪಾತ್ರವನ್ನು ಯಾವ ಬಣ್ಣದ ಹುಡುಗ ಮಾಡಿದರೂ ಪ್ರಸಂಗ ನಿಲ್ಲುತ್ತದೆ, ಆದರೆ ಕೆಲ್ ಮಾಡಿದಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು. 1997ರಲ್ಲಿ ಆ ಪಾತ್ರವನ್ನೇ ಇಟ್ಟುಕೊಂಡು ಒಂದು ಚಲನಚಿತ್ರ ಬಂದಿತು. ಕೆನನ್ 2003ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಸೇರಿ, ಅದರ ಇತಿಹಾಸದಲ್ಲೇ ಅತಿ ದೀರ್ಘಕಾಲ ಉಳಿದ ಕಲಾವಿದರಾದರು.

ಇನ್ನು ಪರದೆಯ ಹಿಂಭಾಗ. 2024ರ ಮಾರ್ಚ್‌ನಲ್ಲಿ ಬಂದ ‘ಕ್ವಯಟ್ ಆನ್ ಸೆಟ್’ ಎಂಬ ಸಾಕ್ಷ್ಯಚಿತ್ರ ಸರಣಿಯನ್ನು, ಈ ಕಾರ್ಯಕ್ರಮವನ್ನು ಪ್ರೀತಿಸಿದ ಪ್ರತಿಯೊಬ್ಬ ಹಿರಿಯರೂ ನೋಡಬೇಕೆಂಬುದು ನನ್ನ ಅಭಿಪ್ರಾಯ, ಮಕ್ಕಳಿಗೆ ತೋರಿಸುವಂಥದ್ದಲ್ಲ. 2000ರ ದಶಕದ ಆರಂಭದಲ್ಲಿ ‘ಆಲ್ ದಟ್’ ತಂಡದಲ್ಲಿದ್ದ ಬ್ರಯನ್ ಹರ್ನ್ ಎಂಬ ಕಪ್ಪು ಜನಾಂಗದ ನಟ, ಮೈಗೆ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ನಾಯಿಗಳಿಂದ ನೆಕ್ಕಿಸಿಕೊಳ್ಳಬೇಕಾಗಿ ಬಂದ ಪ್ರಸಂಗವನ್ನು ಅದರಲ್ಲಿ ನೆನೆಯುತ್ತಾರೆ. ನೋಡುಗರಾದ ನಾವು ಅದನ್ನು ಹುಡುಗಾಟವೆಂದು ತಿಳಿದಿದ್ದೆವು. ಆ ಹುಡುಗನಿಗೆ ಅದು ಅವಮಾನವಾಗಿತ್ತು. 1999ರಲ್ಲಿ ಆರಂಭವಾದ ‘ದಿ ಅಮಾಂಡಾ ಶೋ’ ಒಬ್ಬ ಹುಡುಗಿಯ ಹೆಸರಿನಲ್ಲೇ ನಡೆಯುತ್ತಿತ್ತು. ಆದರೆ ಅದರಲ್ಲಿ ಕೆಲಸ ಮಾಡಿದ ಇಬ್ಬರು ಬರಹಗಾರ್ತಿಯರು, ಒಬ್ಬರಿಗೆ ಸಲ್ಲಬೇಕಾದ ಸಂಬಳವನ್ನು ತಾವಿಬ್ಬರೂ ಹಂಚಿಕೊಳ್ಳಬೇಕಾಯಿತೆಂದು ಅದೇ ಸರಣಿಯಲ್ಲಿ ಹೇಳಿದ್ದಾರೆ. ಮುಖಗಳನ್ನು ಎಣಿಸಿದರೆ ಬೆರಕೆ ಕಾಣುತ್ತದೆ. ಲೇಖನಿಗಳನ್ನು ಎಣಿಸಿದರೆ ಬೇರೆಯೇ ಲೆಕ್ಕ ಬರುತ್ತದೆ. 2019ರಲ್ಲಿ ‘ಆಲ್ ದಟ್’ ಮತ್ತೆ ಆರಂಭವಾದಾಗ ಕೆನನ್ ಮತ್ತು ಕೆಲ್ ಕಾರ್ಯನಿರ್ವಾಹಕ ನಿರ್ಮಾಪಕರಾಗಿ ಬಂದರು. ಹೊಸ ತಂಡದಲ್ಲಿ ಯಾವ ಯಾವ ಬಣ್ಣದ ಮಕ್ಕಳಿದ್ದರು ಎಂಬುದಕ್ಕಿಂತ ಈ ಸಂಗತಿಯೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು.

ನಿಮ್ಮ ಅಪಾರ್ಟ್‌ಮೆಂಟಿನ ವಿಷಯಕ್ಕೆ ಬಂದರೆ, ಪಾತ್ರ ಹಂಚುವ ಮೊದಲು ಬರೆಯುವವರು ಯಾರು ಎಂಬುದನ್ನು ತೀರ್ಮಾನಿಸಿ.

ಉಣಕಲ್ಲಿನವಳು, ವಿಜಯನಗರ

ಆ ಕಲಬುರಗಿಯ ಹುಡುಗನ ಬಗ್ಗೆ ಓದಿದ ಮೇಲೆ ಉತ್ತರಿಸದೆ ಇರಲಾಗಲಿಲ್ಲ.

ನಾನು ಹುಬ್ಬಳ್ಳಿಯಿಂದ ಬೆಂಗಳೂರಿನ ಶಾಲೆಯೊಂದಕ್ಕೆ ಏಳನೆಯ ತರಗತಿಗೆ ಬಂದು ಸೇರಿದವಳು. ಆ ವರ್ಷದ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟ ಪಾತ್ರ ಮನೆಗೆಲಸದವಳದು. ಬರಹದಲ್ಲಿ ಹಾಸ್ಯವೇನೂ ಇರಲಿಲ್ಲ. ನಾನು “ಬರ್ತೇನ್ರಿ” ಎಂದ ಕೂಡಲೇ ಸಭೆ ನಕ್ಕಿತು. ನಮ್ಮ ಮನೆಯಲ್ಲಿ ಅಜ್ಜಿ ದೇವರಿಗೆ ಹೇಳುವ ಮಾತೂ ಅದೇ, ಅಪ್ಪ ಫೋನ್ ಇಡುವಾಗ ಆಡುವ ಮಾತೂ ಅದೇ. ಅದರಲ್ಲಿ ನಗುವಂಥದ್ದು ಏನಿದೆ ಎಂದು ತಿಳಿಯದೆ ವೇದಿಕೆಯ ಮೇಲೆ ನಿಂತಿದ್ದ ಆ ಕ್ಷಣ ಇಂದಿಗೂ ಮರೆತಿಲ್ಲ. ಮುಂದಿನ ಒಂದೇ ವರ್ಷದಲ್ಲಿ ನಾನು ಬೆಂಗಳೂರಿನ ಕನ್ನಡವನ್ನು ಕಲಿತುಬಿಟ್ಟೆ. ಊರಿಗೆ ಹೋದಾಗ ಅಜ್ಜಿ ಅದನ್ನು ಗಮನಿಸಿದರು, ಆದರೆ ಏನೂ ಹೇಳಲಿಲ್ಲ.

ಕನ್ನಡದಲ್ಲಿ ಏಕೆ ಬೆಳೆಯಲಿಲ್ಲ ಎಂದು ಕೇಳಿದ್ದೀರಿ. ನನಗೆ ತೋರುವ ಮಟ್ಟಿಗೆ, ನಮ್ಮ ಮಕ್ಕಳ ದೂರದರ್ಶನವು ಬಹುಕಾಲ ಬೇರೆ ಭಾಷೆಗಳ ಮೂಲಕವೇ ನಮ್ಮನ್ನು ತಲುಪಿತು. ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ, ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಅಭಿನಯಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೇಶವನ್ನೆಲ್ಲ ಗೆದ್ದದ್ದು ಹಿಂದಿಯಲ್ಲಿ. ಮಕ್ಕಳಿಗಾಗಿಯೇ ಕನ್ನಡ ವಾಹಿನಿ ಬೇಕೆಂಬ ಆಸೆ 2009ರಲ್ಲಿ ಚಿಂಟು ಟಿವಿಯ ಮೂಲಕ ಈಡೇರಿತಾದರೂ, ಅಲ್ಲಿ ಹೆಚ್ಚಾಗಿ ಕಂಡದ್ದು ಡಬ್ ಮಾಡಿದ ಕಾರ್ಟೂನುಗಳು. ಡಬ್ಬಿಂಗ್ ಕನ್ನಡದಲ್ಲಿ ಎಲ್ಲ ಪಾತ್ರಗಳಿಗೂ ಒಂದೇ ನುಡಿ. ಕುಂದಾಪುರವಾಗಲಿ, ಚಾಮರಾಜನಗರವಾಗಲಿ, ಬೀದರ್ ಆಗಲಿ ಅದರಲ್ಲಿ ಕೇಳಿಸುವುದಿಲ್ಲ.

2016ರಲ್ಲಿ ಜೀ ಕನ್ನಡದಲ್ಲಿ ‘ಡ್ರಾಮಾ ಜೂನಿಯರ್ಸ್’ ಆರಂಭವಾದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಬೇರೆ ಬೇರೆ ಊರುಗಳ ಮಕ್ಕಳು ಸ್ಕಿಟ್‌ಗಳನ್ನು ಮಾಡುವುದನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು; ಆ ಮಕ್ಕಳ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ನನ್ನ ಕೊರಗು ಬೇರೆ. ಅದು ಸ್ಪರ್ಧೆ, ಎದುರಿಗೆ ತೀರ್ಪುಗಾರರಿರುತ್ತಾರೆ, ಮಕ್ಕಳು ಮೆಚ್ಚಿಸಬೇಕಾದದ್ದು ದೊಡ್ಡವರನ್ನು. ಆದ್ದರಿಂದ ಗಂಡ-ಹೆಂಡಿರ ಜಗಳ, ಕುಡುಕನ ತೂರಾಟ ಮುಂತಾದ ದೊಡ್ಡವರ ಹಾಸ್ಯವನ್ನು ಮಕ್ಕಳ ಬಾಯಲ್ಲಿ ಹೇಳಿಸುವ ಅಭ್ಯಾಸ ನಮ್ಮ ಊರಿನ ವೇದಿಕೆಗಳಿಗೂ ಹಬ್ಬಿತು. ಹತ್ತು ವರ್ಷದ ಹುಡುಗಿಗೆ ತನ್ನ ಟೀಚರನ್ನು, ತನ್ನ ಲಿಫ್ಟನ್ನು, ತನ್ನ ಟಿಫಿನ್ ಡಬ್ಬಿಯನ್ನು ನೋಡಿ ಬರುವ ನಗೆಯೇ ಬೇರೆ. ನಿಮ್ಮ ಗ್ರಂಥಪಾಲಕಿಯ ಪ್ರಸಂಗವು ಮೂವತ್ತು ವರ್ಷದ ನಂತರವೂ, ಇನ್ನೊಂದು ದೇಶದ ಮಗುವನ್ನು ನಗಿಸಿದ್ದು ಅದು ಮಗುವಿನ ಕಣ್ಣಿನಿಂದ ದೊಡ್ಡವರನ್ನು ನೋಡಿದ್ದರಿಂದ.

ದಯವಿಟ್ಟು ಈ ವರ್ಷ ಆ ಹುಡುಗನಿಗೆ ತರಕಾರಿ ಬುಟ್ಟಿಯನ್ನು ಕೊಡಬೇಡಿ.

ಟ್ಯಾನರಿ ರಸ್ತೆಯ ಓದುಗ

ಉಣಕಲ್ಲಿನ ಅಕ್ಕನವರ ನೋವು ನನಗೆ ಅರ್ಥವಾಗುತ್ತದೆ. ನಮ್ಮ ಮನೆಮಾತು ದಖನಿ, ಸಿನಿಮಾಗಳಲ್ಲಿ ನಮ್ಮ ಕನ್ನಡವನ್ನು ಹೇಗೆ ಆಡಿಸುತ್ತಾರೆಂದು ಬಲ್ಲೆ. ಆದರೂ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಯಾರಿಗೂ ನೋವಾಗಬಾರದೆಂದು ಹನ್ನೆರಡು ಮಕ್ಕಳಿಗೂ ಒಂದೇ ಶಿಷ್ಟ ಕನ್ನಡವನ್ನು ಬರೆದುಕೊಟ್ಟರೆ, ಆ ಮಕ್ಕಳ ಮನೆಗಳು ವೇದಿಕೆಯಿಂದ ಇನ್ನೊಮ್ಮೆ ಹೊರಗುಳಿಯುತ್ತವೆ. 2011ರ ಜನಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಎಲ್ಲ ಭಾಷಿಕರಿಗಿಂತ ಹೆಚ್ಚು, ಆದರೆ ಒಟ್ಟು ಜನರ ಅರ್ಧಕ್ಕಿಂತ ಕಡಿಮೆ. ತಮಿಳು, ತೆಲುಗು, ಉರ್ದು ನಂತರ ಬರುತ್ತವೆ. ಈ ಊರಿನ ನಗೆಯಲ್ಲಿ ಇವೆಲ್ಲವೂ ಕೇಳಿಸಬೇಕು.

ದಖನಿಯಲ್ಲಿ ಹಾಸ್ಯಕ್ಕೆ ಕೊರತೆಯಿಲ್ಲ. ಕಲಬುರಗಿಯಲ್ಲಿ ಬದುಕಿದ ಸುಲೇಮಾನ್ ಖತೀಬ್ ಅವರು ಈ ಆಡುನುಡಿಯಲ್ಲೇ ಹಾಸ್ಯಕವಿತೆಗಳನ್ನು ಬರೆದು ಮುಷಾಯಿರಾಗಳಲ್ಲಿ, ಅಂದರೆ ಉರ್ದು ಕವಿಗೋಷ್ಠಿಗಳಲ್ಲಿ, ಜನರನ್ನು ನಗಿಸಿದರು, ಅಳಿಸಿದರು. ಅಲ್ಲಿ ಆ ನುಡಿಯನ್ನು ಕೇಳಿ ಯಾರೂ ನಗುತ್ತಿರಲಿಲ್ಲ. ಆ ನುಡಿಯಲ್ಲಿ ಹೇಳಿದ ಮಾತಿಗೆ ನಗುತ್ತಿದ್ದರು. ನಿಮ್ಮ ಉರ್ದು ಮನೆಯ ಹುಡುಗಿಗೆ ಅವಳ ಅಡುಗೆಮನೆಯಲ್ಲೇ ನಡೆಯುವ ಒಂದು ಪ್ರಸಂಗವನ್ನು ಕೊಡಿ. ಅವಳ ದಾದಿ, ಅಂದರೆ ಅಜ್ಜಿ, ಒಂದೇ ಉಸಿರಿನಲ್ಲಿ ಐದು ಕೆಲಸ ಹೇಳಲಿ. ಪಕ್ಕದ ಮನೆಯಿಂದ ಸಕ್ಕರೆ ಕೇಳಲು ಬಂದ ಮಗು ಅರ್ಥವಾಗದೆ ಐದನ್ನೂ ಮಾಡಿ ಮುಗಿಸಲಿ. ಆಗ ತಡಕಾಡುವ ಸರದಿ ಇನ್ನೊಬ್ಬರದಾಗುತ್ತದೆ.

ರಂಗಾಭ್ಯಾಸಿ, ಜೆ.ಪಿ. ನಗರ

ಮಕ್ಕಳ ರಂಗಶಿಬಿರಗಳಲ್ಲಿ ಕೆಲಸ ಮಾಡುವವನಾದ್ದರಿಂದ, ತಾಲೀಮಿನ ವಿಷಯವಾಗಿ ಕೆಲವು ಮಾತುಗಳನ್ನಷ್ಟೇ ಬರೆಯುತ್ತೇನೆ.

ಮೊದಲ ಎರಡು ಭಾನುವಾರ ಬರಹವನ್ನೇ ತರಬೇಡಿ. ಮನೆಯಲ್ಲಿ, ಲಿಫ್ಟಿನಲ್ಲಿ, ಶಾಲೆಯ ವ್ಯಾನಿನಲ್ಲಿ ನಡೆದ ಒಂದು ಪೇಚಿನ ಸಂಗತಿಯನ್ನು ಪ್ರತಿಯೊಂದು ಮಗುವೂ ತನ್ನ ಮಾತಿನಲ್ಲೇ ಹೇಳಲಿ, ನೀವು ಬರೆದುಕೊಳ್ಳಿ. ಹಳೆಯ ಪ್ರೇಕ್ಷಕರು ಹೇಳಿದ ಲೇಖನಿಯ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇದು. ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಿ ಆಡಿಸಿ. ಒಂದು ಮಾತನ್ನು ಬೇರೆ ಮಗು ಹೇಳಿದಾಗಲೂ ನಗೆ ಬರುತ್ತದೆಯೇ ನೋಡಿ. ಬರದಿದ್ದರೆ ಅದರ ಹಾಸ್ಯ ಪೂರ್ತಿಯಾಗಿ ಆ ಮಗುವಿನ ಉಚ್ಚಾರದ ಮೇಲೆಯೇ ನಿಂತಿತ್ತೆಂದು ತಿಳಿಯುತ್ತದೆ. ಹಾಗೆಂದು ಅದನ್ನು ತಕ್ಷಣ ಕೈಬಿಡಬೇಡಿ, ಟ್ಯಾನರಿ ರಸ್ತೆಯವರ ಮಾತು ಸರಿ. ಆ ಮಗುವನ್ನೇ ಕೇಳಿ. ಆದರೆ ಎಲ್ಲರೆದುರು ಕೇಳಬೇಡಿ, ಬೇರೆ ಕರೆದು ಕೇಳಿ. ಗುಂಪಿನ ಮುಂದೆ ಯಾವ ಮಗುವೂ ‘ನನಗೆ ನೋವಾಗುತ್ತದೆ’ ಎನ್ನುವುದಿಲ್ಲ.

ಯಕ್ಷಗಾನದ ಪೂರ್ವರಂಗದಲ್ಲಿ ಕಲಿಯುವ ಹುಡುಗರಿಗೆ ಮೊದಲು ಸಿಗುವುದು ಕೋಡಂಗಿಯ ವೇಷ. ಅಲ್ಲಿ ಕುಣಿದು ಕುಣಿದು ಕಾಲು ಪಳಗಿದ ಮೇಲೆ ಬಾಲಗೋಪಾಲ, ಅನಂತರ ಇತರ ವೇಷಗಳು. ಯಾರೂ ಕೋಡಂಗಿಯಾಗಿಯೇ ಉಳಿಯುವುದಿಲ್ಲ. ನಿಮ್ಮ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಸ್ಕಿಟ್‌ಗಳಿದ್ದರೆ, ಪ್ರತಿಯೊಂದು ಮಗುವೂ ಒಂದರಲ್ಲಿ ಪೆದ್ದನಾಗಲಿ, ಇನ್ನೊಂದರಲ್ಲಿ ಜಾಣನಾಗಲಿ. ಇನ್ನೊಂದು ವಿಷಯ: ಸೆಕ್ಯುರಿಟಿ ಅಣ್ಣ ಮತ್ತು ಮನೆಗೆಲಸದ ಅಕ್ಕಂದಿರ ಮಕ್ಕಳನ್ನು ನಿಮ್ಮ ಹನ್ನೆರಡರಲ್ಲಿ ಎಣಿಸಿದ್ದೀರಾ? ಅವರೂ ಅದೇ ಆವರಣದಲ್ಲಿ ಆಡುತ್ತಿರುತ್ತಾರಲ್ಲವೇ?

ಕೆಂಪುನೆಲ, ಬನಶಂಕರಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಎರಡು ಭಾನುವಾರಗಳು ಕಳೆದಿವೆ, ನಡೆದದ್ದನ್ನು ತಿಳಿಸುತ್ತೇನೆ.

ರಂಗಾಭ್ಯಾಸಿಯವರೇ, ಎಣಿಸಿರಲಿಲ್ಲ. ಈಗ ಮಕ್ಕಳು ಹದಿನಾಲ್ಕು. ಸೆಕ್ಯುರಿಟಿಯವರ ಮಗಳು ಮೊದಲ ದಿನ ಗೋಡೆಗೊರಗಿ ನಿಂತಿದ್ದಳು, ಎರಡನೆಯ ದಿನ ನೀರಿನ ಟ್ಯಾಂಕರ್ ಬಂದಾಗ ಯಾವ ಮನೆಯವರು ಯಾವ ಧಾಟಿಯಲ್ಲಿ ಅವಳ ಅಪ್ಪನಿಗೆ ಫೋನ್ ಮಾಡುತ್ತಾರೆಂದು ಒಬ್ಬೊಬ್ಬರಂತೆ ಮಾತನಾಡಿ ತೋರಿಸಿದಳು. ನನ್ನ ಧಾಟಿಯೂ ಅದರಲ್ಲಿತ್ತು. ನಾನು ಅವರೊಡನೆ ಅಷ್ಟು ಗಡುಸಾಗಿ ಮಾತನಾಡುತ್ತೇನೆಂದು ನನಗೆ ತಿಳಿದಿರಲಿಲ್ಲ. ಆ ಸ್ಕಿಟ್ ಖಂಡಿತ ಇರುತ್ತದೆ, ಅದರ ಕೊನೆಯ ಮಾತೂ ಅವಳದೇ.

ಉರ್ದು ಮನೆಯ ಹುಡುಗಿ ದಾದಿಯ ಪ್ರಸಂಗವನ್ನು ಒಪ್ಪಿಕೊಂಡಿದ್ದಾಳೆ. ಆದರೆ ಸಕ್ಕರೆಯ ಬದಲು ಇಸ್ತ್ರಿಪೆಟ್ಟಿಗೆ ಇರಲಿ, ತಮ್ಮ ಮನೆಗೆ ಎಲ್ಲರೂ ಅದನ್ನೇ ಕೇಳಲು ಬರುತ್ತಾರೆ ಎಂದಳು.

ಕಲಬುರಗಿಯ ಹುಡುಗನನ್ನು ಬೇರೆ ಕರೆದು, ಹೋದ ಎರಡು ವರ್ಷದ ಪಾತ್ರ ಇಷ್ಟವಾಗಿತ್ತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತರಕಾರಿ ಮಾರುವುದರಲ್ಲಿ ತನಗೆ ಬೇಸರವಿಲ್ಲ, ತನ್ನ ತಾತನೂ ಸಂತೆಯಲ್ಲಿ ಕೂರುತ್ತಿದ್ದರು, ಆದರೆ ತಾನು ಇನ್ನೂ ಏನೂ ಹೇಳುವ ಮೊದಲೇ ಜನ ನಕ್ಕುಬಿಡುತ್ತಾರೆ, ಹೇಳಬೇಕಾದ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದನು. ಈ ಬಾರಿ ಏನಾಗಬೇಕೆಂದು ಕೇಳಿದಾಗ ಸಂಘದ ಕಾರ್ಯದರ್ಶಿಯಾಗುವುದಾಗಿ ಹೇಳಿದನು. ಲಿಫ್ಟ್ ಕೆಟ್ಟು ಒಳಗೆ ಏಳು ಮಂದಿ ಸಿಕ್ಕಿಕೊಂಡಿರುವಾಗ, ಹೊರಗೆ ನಿಂತ ಕಾರ್ಯದರ್ಶಿ ಬಾಗಿಲು ತೆರೆಸುವ ಮೊದಲು ನಿಯಮಾವಳಿಯನ್ನು ಪೂರ್ತಿ ಓದಿ ಹೇಳುವ ಪ್ರಸಂಗವನ್ನು ಅವನೇ ಕಟ್ಟಿದ್ದಾನೆ. ಅವನ ಮೊದಲ ಮಾತು “ಲಿಫ್ಟ್ ಯಾಕ ನಿಂತದ?” ಎಂಬುದು. ತಾಲೀಮಿನಲ್ಲಿ ಅದಕ್ಕೆ ಯಾರೂ ನಗಲಿಲ್ಲ. ನಿಯಮಾವಳಿಯ ನಾಲ್ಕನೆಯ ಕಲಮಿಗೆ ಬರುವಷ್ಟರಲ್ಲಿ ಎಲ್ಲರೂ ನೆಲಕ್ಕೆ ಬಿದ್ದು ನಗುತ್ತಿದ್ದರು.

ನಿಯಮಾವಳಿಯನ್ನು ಅವನ ನುಡಿಯಲ್ಲೇ ಸರಿಯಾಗಿ ಬರೆಯಲು ಅವನ ತಾಯಿಯವರು ಮುಂದಿನ ಭಾನುವಾರ ಬರುತ್ತಾರೆ. ಉಣಕಲ್ಲಿನವರೇ, ನಿಮ್ಮದು ಹುಬ್ಬಳ್ಳಿಯ ಮಾತು, ಅವರದು ಕಲಬುರಗಿಯದು ಎಂಬುದು ನನಗೆ ಗೊತ್ತಿದೆ; ಆದರೂ ಬಿಡುವಿದ್ದರೆ ನೀವೂ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಹತ್ತಕ್ಕೆ ತಾಲೀಮು ಶುರುವಾಗುತ್ತದೆ.